ನೀಲಿ ಹಾಳೆಯ ಬಿಳಿ ಗೆರೆ

ಮೊನ್ನೆ ಪಶು ಆಹಾರದ ಚೀಲ ಇಳಿಸಲು ಕಣಗಲಾಕ್ಕೆ ಹೋಗಿದ್ದೆ. ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದ ಕೂಡಲೇ ಮೂಗಿಗೆ ಸುಟ್ಟ ಚರ್ಮದ ವಾಸನೆ ಬಡಿಯಿತು. ಮೊದಲು ಕೂದಲು ಸುಟ್ಟದ್ದು, ಅದರ ಹಿಂದೆಯೇ ಮಾಂಸದ್ದು. ಬೇವಿನ ಗಿಡದ ಕೆಳಗೆ ಒಬ್ಬ ಕರಿಬಿಳಿ ಆಕಳ ಕುತ್ತಿಗೆಗೆ ಕಾದ ಕಬ್ಬಿಣ ಹಚ್ಚುತ್ತಿದ್ದ. ಇಬ್ಬರು ಕೊಂಬು ಹಿಡಿದಿದ್ದರು. ನಾನು ಗಾಡಿ ಬಂದ್ ಮಾಡದೆಯೇ ಇಳಿದೆ.

“ಗಂಟ ಬಂದೈತೇನ್ರಿ?” ಅಂದೆ.

“ಹೂಂ, ಕಿವಿ ಕೆಳಗ. ನಿನಗ ಹೆಂಗ ಗೊತ್ತ?”

“ಬರಿ ಕೊಟ್ರ ಹೋಗೂದಲ್ರಿ ಅದು. ಡಾಕ್ಟರ್ನ ಕರೀರಿ. ಇವತ್ತ ಕರೀರಿ.”

“ಚೀಲ ಇಳಸಾಕ ಬಂದಾಂವ ಚೀಲ ಇಳಸಿ ಹೋಗಪಾ,” ಅಂದ ಕಬ್ಬಿಣ ಹಿಡಿದವ.

ಇಳಿಸಿದೆ. ಗಾಡಿ ಹತ್ತಿದೆ. ಸಂಕೇಶ್ವರ ದಾಟುವವರೆಗೂ ಎರಡೂ ಕಿಟಕಿ ತೆರೆದೇ ಗಾಡಿ ಹೊಡೆದೆ. ಆ ವಾಸನೆ ನನ್ನ ಮಟ್ಟಿಗೆ ಒಂದೇ ಒಂದು ಬೇಸಿಗೆಯದು. ನಮ್ಮ ಕಸ್ತೂರಕ್ಕನ ಆಕಳು ಚಂದ್ರಿ ಜ್ವರ ಬಿದ್ದ ಬೇಸಿಗೆ.

ಆಗ ನಾನು ಹಾಲಿನ ಗಾಡಿ ಬಿಟ್ಟು ಹುಕ್ಕೇರಿಯ ಪದ್ಮಾ ಮೇಡಂ ಹತ್ತಿರ ಗಾಡಿ ಹೊಡೆಯುತ್ತಿದ್ದೆ. ಅವರು ದನದ ಡಾಕ್ಟರು. ಹುಕ್ಕೇರಿಯ ಜೈನರ ಮನೆಯವರೇ, ಸಿಟ್ಟು ಬಂದರೆ ಮರಾಠಿಯಲ್ಲಿ ಬೈಯುತ್ತಿದ್ದರು. ಎಲ್ಲೋ ದೂರದ ಕಾಲೇಜಿನ ಸಂಶೋಧನೆಯ ಕೆಲಸ ಹಿಡಿದು, ಊರಿಗೇ ಬಂದು, ಬಾಡಿಗೆಯ ಎರಡು ಕೋಣೆಯಲ್ಲಿ ಲ್ಯಾಬ್ ಇಟ್ಟಿದ್ದರು. ಅಲ್ಲಿ ಅವರ ಕೈಕೆಳಗೆ ಇರ್ಫಾನ ಇದ್ದ. ಗೋಕಾಕದವ, ಲ್ಯಾಬಿನ ಕೆಲಸ ಓದಿ ಬಂದವ, ಬಾಯಿ ಮುಚ್ಚಿ ಕೂರಲಾರದವ. ನಾನು ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವನು. ನನಗಿದ್ದ ಕೆಲಸ ಇಷ್ಟು: ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತ ಎಲ್ಲಿ ಆಕಳು ಜ್ವರ ಬಿದ್ದಿದೆಯೋ ಅಲ್ಲಿಗೆ ಮೇಡಂ ಅವರನ್ನು ಕರೆದೊಯ್ಯುವುದು, ಆಕಳನ್ನು ಅಲುಗದಂತೆ ಹಿಡಿಯುವುದು, ಐಸ್ ಡಬ್ಬಿಯನ್ನು ಕುಲುಕದೆ ಹುಕ್ಕೇರಿಗೆ ಮುಟ್ಟಿಸುವುದು.

ಆ ವರ್ಷ ಬಿಸಿಲು ಬೆಂಕಿ. ನಡುವೆ ಒಂದೆರಡು ಅಡ್ಡಮಳೆ ಬಿದ್ದವು, ಮರುದಿನ ಮತ್ತೆ ಸೆಕೆ. ಆ ಸೆಕೆಗೆ ಕೊಟ್ಟಿಗೆಗಳ ಗೋಡೆ ಬಿರುಕಿನಿಂದ ಉಣ್ಣಿ ಎದ್ದು ಬಂದವು. ಆಕಳ ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ಔಡಲ ಕಾಳು ಅಂಟಿಸಿದಂತೆ ಕೂತಿರುತ್ತಿದ್ದವು. ನಾಡ ಆಕಳಿಗೆ ಅಷ್ಟು ಆಗುತ್ತಿರಲಿಲ್ಲ. ಹಾಲು ಹೆಚ್ಚು ಕೊಡುವ ಕರಿಬಿಳಿ ಆಕಳುಗಳು ಬೀಳುತ್ತಿದ್ದವು. ಮೊದಲು ಕಿವಿಯ ಕೆಳಗೆ ಗಂಟು, ಆಮೇಲೆ ಜ್ವರ, ಆಮೇಲೆ ಮೇವು ಬಿಡುವುದು, ಆಮೇಲೆ ಉಸಿರು. ಊರೂರಿಗೆ ಹೋದಾಗ ಒಂದು ಕೊಟ್ಟಿಗೆಯಲ್ಲಾದರೂ ಬರೀ ಗೂಟ ಇರುತ್ತಿತ್ತು.

ಮೇಡಂ ಆ ಗಂಟಿಗೆ ಸೂಜಿ ಚುಚ್ಚಿ ನಾಲ್ಕು ಹನಿ ತೆಗೆಯುತ್ತಿದ್ದರು. ಆ ಹನಿಯನ್ನು ಹುಕ್ಕೇರಿಯಲ್ಲಿ ಚಪ್ಪಟೆ ಬಾಟಲಿಯೊಳಗಿನ ಗುಲಾಬಿ ಬಣ್ಣದ ನೀರಿಗೆ ಹಾಕಿ, ಆಕಳ ಮೈ ಬಿಸಿ ಎಷ್ಟೋ ಅಷ್ಟೇ ಬಿಸಿಯ ಪೆಟ್ಟಿಗೆಯಲ್ಲಿಟ್ಟು ಬೆಳೆಸುತ್ತಿದ್ದರು. ಏನು ಬೆಳೆಯುತ್ತದೆ ಎಂದು ನನಗೆ ಮೊದಲು ತಿಳಿದಿರಲಿಲ್ಲ. ಇರ್ಫಾನ ಹೇಳಿದ.

“ಉಣ್ಣಿ ಕಡದಾಗ ಮೈಯೊಳಗ ಹೋಗೂ ಸಣ್ಣ ಹುಳ ಅದಾವಲ್ಲ, ಇವು ಬಿಳಿ ರಕ್ತಕಣದೊಳಗ ಹೊಕ್ಕು ಮನಿ ಮಾಡತಾವು. ಮನಿ ಮಾಡಿದ ಮ್ಯಾಲ ಆ ಕಣ ಸಾಯಾಕ ಬಿಡಂಗಿಲ್ಲ. ಕಣ ಒಡದು ಎರಡ ಆತಂದ್ರ ಹುಳಾನೂ ಎರಡ ಆಗತೈತಿ.”

“ಸಾಯಾಕ ಬಿಡಂಗಿಲ್ಲಂದ್ರ ಚಲೋನ ಆತಲ್ಲೋ?”

“ಚಲೋ ಏನ ನಿನ್ನ ತಲಿ! ಸಾಯೂ ಹೊತ್ತಿಗಿ ಸಾಯಬೇಕ ಕಣ. ಇದು ಸಾಯಂಗಿಲ್ಲ, ಮ್ಯಾಲ ಒಂದು ಎಂಜೈಮ್ ಉಗುಳತೈತಿ. ಕಬ್ಬಿನ ಗದ್ದ್ಯಾಗ ಹಂದಿ ಹೊಕ್ಕು ದಾರಿ ಮಾಡ್ಕೊಂಡ ಹೋಗಂಗಿಲ್ಲ? ಹಂಗ. ಆ ಎಂಜೈಮ್ ಮುಂದ ಮುಂದ ಕಡಕೋಂತ ಹೋಗತೈತಿ, ಕಣ ಹಿಂದ ಹಿಂದ ಹೋಗತೈತಿ. ಗಂಟಿನಿಂದ ಪುಪ್ಪಸಕ್ಕ, ಪುಪ್ಪಸದಿಂದ ಹೊಟ್ಟಿಗಿ.”

ಹಂದಿ ಅಂದದ್ದು ನನಗೆ ಅರ್ಥವಾಯಿತು. ನಮ್ಮ ಕಡೆ ಹಂದಿ ಹೊಕ್ಕ ಕಬ್ಬನ್ನು ಯಾರೂ ಮರೆಯುವುದಿಲ್ಲ.

ಎಂಜೈಮಿಗೆ ಪುಸ್ತಕದಲ್ಲಿ ಕಿಣ್ವ ಎನ್ನುತ್ತಾರಂತೆ. ಅದನ್ನು ಕಣ್ಣಿಂದ ನೋಡಲು ಬರುವುದಿಲ್ಲ. ಅದು ತಿಂದದ್ದನ್ನು ನೋಡಬಹುದು. ಬಾಟಲಿಯ ನೀರನ್ನು ಒಂದು ತೆಳು ಜೆಲ್ಲಿ ಹಾಳೆಯೊಳಗೆ ಓಡಿಸಿ, ಒಂದು ರಾತ್ರಿ ಬೆಚ್ಚಗಿಟ್ಟು, ಆಮೇಲೆ ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ಹಾಳೆಯೆಲ್ಲ ನೀಲಿಯಾಗುತ್ತಿತ್ತು. ಕಿಣ್ವ ತಿಂದ ಜಾಗ ಮಾತ್ರ ಬಿಳಿ ಗೆರೆಯಾಗಿ ಉಳಿಯುತ್ತಿತ್ತು. ಗೆರೆ ದಪ್ಪವಿದ್ದರೆ ಹುಳ ಜೋರಿದೆ. ಔಷಧ ಹಾಕಿದ ಬಾಟಲಿಯಲ್ಲಿ ಹುಳ ಸಾಯುತ್ತದೆ, ಕಿಣ್ವ ಇಳಿಯುತ್ತದೆ, ಗೆರೆ ಅಳಿಯುತ್ತದೆ, ಕೊನೆಗೆ ಆ ಕಣವೂ ಸುಮ್ಮನೆ ಸಾಯುತ್ತದೆ. ಹುಕ್ಕೇರಿಯ ಬಾಟಲಿ, ಗೋಕಾಕದ ಬಾಟಲಿ, ಎಲ್ಲದರಲ್ಲೂ ಹಾಗೇ ಆಯಿತು.

ಕಲ್ಲೋಳಿಯ ಬಾಟಲಿಯಲ್ಲಿ ಆಗಲಿಲ್ಲ.

ಕಲ್ಲೋಳಿ ನಮ್ಮೂರು. ಆ ಬಾಟಲಿ ನಮ್ಮ ಓಣಿಯದೇ. ಓಣಿಯ ತುದಿಯ ಮನೆಯ ಆಕಳಿಗೆ ಸೂಜಿ ಹಾಕಿಸಿದರೂ ಅದು ಸತ್ತಿತ್ತು. ಅದರ ಗಂಟಿನಿಂದ ತೆಗೆದ ಹನಿ ಮಾತ್ರ ಹುಕ್ಕೇರಿಯಲ್ಲಿ ವಾರಗಟ್ಟಲೆ ಬೆಳೆಯುತ್ತಲೇ ಇತ್ತು. ಮೇಡಂ ಔಷಧ ಹಾಕಿದರು. ಗೆರೆ ಹಾಗೇ ನಿಂತಿತ್ತು, ಸುಣ್ಣ ಬಳಿದಂತೆ.

“ನನ್ನ ಕೈಯಾಗ ಏನರ ಎಡವಟ್ಟ ಆಗೇತಿ. ಮತ್ತ ಮಾಡೂಣು,” ಅಂದರು. ಮತ್ತೆ ಮಾಡಿದರು. ಗೆರೆ ಹಾಗೇ ಇತ್ತು. ಆಮೇಲೆ ಅವರು ಊಟದ ಡಬ್ಬಿ ತೆರೆಯುವುದನ್ನೂ ಮರೆಯತೊಡಗಿದರು. ಇರ್ಫಾನನ ಜೋಕು ಕಡಿಮೆಯಾಯಿತು. ಅದೇ ಓಣಿಯಲ್ಲಿ ನಮ್ಮಕ್ಕನ ಚಂದ್ರಿ ಇದ್ದಳು.

ಕಸ್ತೂರಕ್ಕ ಗಂಡನ ಮನೆಯಿಂದ ಮಗಳನ್ನು ಕರೆದುಕೊಂಡು ತಿರುಗಿ ಬಂದವಳು. ಅಲ್ಲಿ ಏನಾಗಿತ್ತು ಎಂದು ಅವಳು ಹೇಳಲಿಲ್ಲ, ಅವಳ ಬೆನ್ನು ನೋಡಿದ ಅವ್ವ ಕೇಳಲೂ ಇಲ್ಲ. ಬಂದವಳೇ ಹಿತ್ತಲಲ್ಲಿ ತಗಡಿನ ಕೊಟ್ಟಿಗೆ ಹಾಕಿಸಿ ಚಂದ್ರಿಯನ್ನು ತಂದಳು. “ನಿಮ್ಮ ತಾಟಿನ್ಯಾಗಿಂದ ನಾ ತಿನ್ನಂಗಿಲ್ಲ. ನನ್ನ ಆಕಳ ನನಗ ತಿನಸತೈತಿ,” ಅಂತ ನಮ್ಮೆಲ್ಲರಿಗೂ ಒಮ್ಮೆ ಹೇಳಿದ್ದಳು, ಎರಡನೆಯ ಸಲ ಹೇಳುವ ಗರಜು ಬೀಳಲಿಲ್ಲ. ಅವಳ ಗಂಡ ಮಾತ್ರ ಕಲ್ಲೋಳಿಯವರು ಯಾರಾದರೂ ಸಂತೆಯಲ್ಲಿ ಸಿಕ್ಕರೆ ಒಂದೇ ಮಾತು ಕೇಳುತ್ತಿದ್ದ: “ಆಕಳ ಐತೇನು ಇನ್ನೂ?” ಆಕಳು ಹೋದ ದಿನ ಹೆಂಡತಿ ತಿರುಗಿ ಬರುತ್ತಾಳೆ ಎಂಬ ಲೆಕ್ಕ ಅವನದು. ಆ ಮಾತು ಅಕ್ಕನ ಕಿವಿಗೂ ಬೀಳುತ್ತಿತ್ತು.

ಒಂದು ಮುಂಜಾನೆ ಅವಳ ಫೋನು ಬಂತು.

“ಸಿದ್ಯಾ, ಚಂದ್ರಿ ಹಿಂಡಿ ಮೂಸಿ ಬಿಟ್ಟಾಳ. ಕಿವಿ ಕೆಳಗ ನಿಂಬಿಕಾಯಿ ಆಗೇತಿ.”

ಮೇಡಂ ಅವರನ್ನು ಕರೆದುಕೊಂಡು ಹೋದೆ. ಹಿತ್ತಲಿಗೆ ಕಾಲಿಟ್ಟರೆ ಸುಟ್ಟ ಚರ್ಮದ ವಾಸನೆ. ಓಡಿ ಹೋಗಿ ಚಂದ್ರಿಯ ಕುತ್ತಿಗೆ ಮುಟ್ಟಿ ನೋಡಿದೆ. ಗಾಯವಿರಲಿಲ್ಲ, ವಾಸನೆ ಗೋಡೆಯಾಚೆಯದು. ಬಾಜೂ ಮನೆಯ ರುದ್ರಪ್ಪ ಕಾಕಾನ ಆಕಳು ಗಂಗಿಗೂ ಗಂಟು ಬಂದಿತ್ತು, ಕಾಕಾ ಆಗಲೇ ಗಂಟಿನ ಮೇಲೆ ಬರಿ ಕೊಟ್ಟು ಕೂತಿದ್ದ. ಚಂದ್ರಿಗೂ ಕೊಡುತ್ತೇನೆ ಎಂದು ಕಬ್ಬಿಣ ಬೆಂಕಿಯಲ್ಲೇ ಇಟ್ಟಿದ್ದ. ಹೆಂಡತಿ ಇಲ್ಲದ ಮುದುಕ. ಒಂದೇ ಆಕಳು. ಅದರ ಜೊತೆ ಮಾತಾಡುವಷ್ಟು ಮಾತು ಮನುಷ್ಯರ ಜೊತೆ ಆಡುತ್ತಿರಲಿಲ್ಲ.

“ಯಾರು ಹೇಳ್ಯಾರ್ರಿ ನಿಮಗ ಇದನ್ನ?” ಮೇಡಂ ರೇಗಿದರು.

“ನಮ್ಮಪ್ಪ.”

“ನಿಮ್ಮಪ್ಪನ ಕಾಲದಾಗ ಈ ಆಕಳ ಇದ್ದವೇನ್ರಿ?”

“ಆಕಳ ಇರಲಿಲ್ಲ, ಕಬ್ಬಣ ಇತ್ತ,” ಅಂದ ಕಾಕಾ, ಮುಖ ಗಂಟು ಹಾಕಿಕೊಂಡೇ. ಆದರೆ ಕಬ್ಬಿಣವನ್ನು ಬೆಂಕಿಯಿಂದ ತೆಗೆದು ಮಣ್ಣಿಗೆ ಚುಚ್ಚಿದ.

ಮೇಡಂ ಎರಡೂ ಆಕಳಿಂದ ಹನಿ ತೆಗೆದರು. ಗಂಗಿಯದನ್ನು ಸುಟ್ಟ ಗಾಯದ ಬಾಜೂ ಹುಡುಕಿ ತೆಗೆಯಬೇಕಾಯಿತು. ಸರ್ಕಾರಿ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಅಕ್ಕ ಮೂಡಲಗಿಯಿಂದ ಔಷಧ ತರಿಸುತ್ತೇನೆ ಎಂದಳು. ನಾವು ಐಸ್ ಡಬ್ಬಿ ತೆಗೆದುಕೊಂಡು ಹೊರಟೆವು.

ಗೋಕಾಕ ದಾಟುವಾಗ ಆಕಾಶ ಕೆಂಪಾಯಿತು. ಧೂಳಿನ ಗಾಳಿ, ಹಿಂದೆಯೇ ಆಲಿಕಲ್ಲು. ದಾರಿಯಲ್ಲಿ ಕರೆಂಟಿನ ಕಂಬಗಳು ಕಬ್ಬಿನ ಮೇಲೆ ಮಲಗಿದ್ದವು. ಹುಕ್ಕೇರಿ ಮುಟ್ಟಿದಾಗ ಊರಿಗೆ ಕರೆಂಟಿಲ್ಲ, ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಲ್ಯಾಬಿನ ಬ್ಯಾಟರಿ ಕೂಗಿ ಕೂಗಿ ಸುಮ್ಮನಾಗಿತ್ತು. ಇರ್ಫಾನ ಅಂಗಿಯೊಳಗೆ ಹೊಟ್ಟೆಗೆ ಬಾಟಲಿಗಳನ್ನು ಒತ್ತಿಕೊಂಡು, ಮೇಲೆ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದ.

“ನಕ್ಕ್ರ ನೋಡ ಮತ್ತ,” ಅಂದ ನನಗೆ. “ನಾ ಈಗ ಆಕಳ.”

ಯಾರೂ ನಗಲಿಲ್ಲ. ಕಲ್ಲೋಳಿಯ ಬಾಟಲಿ ತಣ್ಣಗಾದರೆ ಎಲ್ಲ ಹೋಯಿತು. ಯಾವ ಔಷಧಕ್ಕೆ ಆ ಹುಳ ಬಗ್ಗುತ್ತದೆ ಎಂದು ಚಂದ್ರಿಯ ಮೈಮೇಲೆ ನೋಡುತ್ತ ಕೂರಲು ಬರುವುದಿಲ್ಲ. ಬಾಟಲಿಯಲ್ಲಿ ನೋಡಬೇಕು. ಅದೊಂದೇ ಬಾಟಲಿ.

ಇರ್ಫಾನನಿಗೇ ನೆನಪಾಯಿತು. ಹಿಡಕಲ್ ಡ್ಯಾಮಿನ ಕಾಲೊನಿಗೆ ಬೇರೆ ಲೈನು. ಅಲ್ಲಿ ಗೇಟಿನ ಕೆಲಸದ ಬಾಳಪ್ಪ ಜವಾರಿ ಕೋಳಿ ಸಾಕಿದ್ದ, ಮೊಟ್ಟೆ ಮರಿ ಮಾಡುವ ಕರೆಂಟಿನ ಪೆಟ್ಟಿಗೆ ಇಟ್ಟಿದ್ದ. ಕೋಳಿಯ ಕಾವೂ ಆಕಳ ಮೈಯೂ ಹೆಚ್ಚುಕಡಿಮೆ ಒಂದೇ ಬಿಸಿ. ಮೇಡಂ ಒಂದು ಕ್ಷಣ ಅವನನ್ನೇ ನೋಡಿ, “ಚಲ,” ಅಂದರು. ಮೂವರೂ ಹೊಟ್ಟೆಗೆ ಬಾಟಲಿ ಕಟ್ಟಿಕೊಂಡು ಹೊರಟೆವು. ನಾನು ಹಾಗೇ ಗಾಡಿ ಹೊಡೆದೆ. ಪ್ರತಿ ತಗ್ಗಿಗೂ ಮೇಡಂ ಮರಾಠಿಯಲ್ಲಿ ಏನೋ ಅನ್ನುತ್ತಿದ್ದರು.

ಬಾಳಪ್ಪ ಪೆಟ್ಟಿಗೆಯ ಬಾಗಿಲು ತೆರೆದು ನಿಂತ. ಒಳಗೆ ಸಾಲಾಗಿ ಮೊಟ್ಟೆ.

“ಮೊಟ್ಟಿ ತಗೀಲೇನ್ರಿ ಬಾಯಾರ?”

“ತಗೀಬ್ಯಾಡ್ರಿ. ಜರಾ ಬಾಜೂ ಸರಸ್ರಿ, ಸಾಕು.”

“ಅಡ್ಡಿಯಿಲ್ಲ. ಆದ್ರ ನನ್ನ ಮರಿ ಹೊರಗ ಬಂದು ಅಂಬಾ ಅಂದ್ರ ಜವಾಬ್ದಾರಿ ನಿಮ್ಮದು,” ಅಂದ ಬಾಳಪ್ಪ.

ಮೇಡಂ ಆ ದಿನ ಮೊದಲ ಸಲ ನಕ್ಕರು. ಮೊಟ್ಟೆಗಳ ನಡುವೆ ಬಾಟಲಿಗಳನ್ನು ಮಲಗಿಸಿ ಬಾಗಿಲ ಗಾಜಿನಿಂದ ನೋಡುತ್ತ ಕೂತೆವು. ಹೊರಗೆ ಹಿನ್ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಮಳೆಯೇ ಬಂದಿಲ್ಲ ಎನ್ನುವಂತೆ ಮೀನುಗಾರರು ಬಲೆ ಬಿಡಿಸುತ್ತಿದ್ದರು. ಆಗ ಅಕ್ಕನ ಫೋನು ಬಂತು. ಸದ್ದು ದೊಡ್ಡದು ಮಾಡಿದೆ, ಮೇಡಂ ಕೇಳಲಿ ಅಂತ.

“ಔಷಧ ಬಂತ. ಸೂಜಿ ಹಾಕಿದ್ವಿ. ಕಾಕಾನ ಹಾಕ್ದ, ಎರಡಕ್ಕೂ.”

“ಎರಡಕ್ಕೂ ಅಂದ್ರ?” ಮೇಡಂ ಫೋನು ಕಸಿದುಕೊಂಡರು. “ಎರಡ ಬಾಟ್ಲಿ ತಂದಿದ್ರೇನು?”

“ಇಲ್ರಿ ಬಾಯಾರ, ಒಂದ. ಅರ್ಧ ಚಂದ್ರಿಗಿ, ಅರ್ಧ ಗಂಗಿಗಿ.”

“ಅರ್ಧ ಯಾಕ?”

ಅಕ್ಕನಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. “ಯಾಕಂದ್ರ… ಬಾಜೂ ಮನ್ಯಾಗೂ ಆಕಳ ಬಿದ್ದೈತಲ್ರಿ?”

ಫೋನು ಇಟ್ಟ ಮೇಲೆ ಮೇಡಂ ನನ್ನ ಕಡೆ ತಿರುಗಿದರು. ನಮ್ಮ ಓಣಿಯಲ್ಲಿ ಯಾವಾಗಲೂ ಹೀಗೇನಾ ಎಂದು ಕೇಳಿದರು. ಹೌದು, ಹೀಗೇ. ಆಕಳು ಈದರೆ ಗಿಣ್ಣ ಅಕ್ಕಪಕ್ಕದ ಮನೆಗೆ ಹೋಗಬೇಕು. ಗಿಣ್ಣ ತಿಂದ ಮನೆಯ ಆಕಳು ಬಿದ್ದರೆ ನಮ್ಮ ಔಷಧದಲ್ಲಿ ಅದಕ್ಕೂ ಪಾಲು. ಒಬ್ಬರೇ ತಮ್ಮ ಕೊಟ್ಟಿಗೆಗೆ ಮಾತ್ರ ಔಷಧ ತಂದರೆ ಓಣಿಯಲ್ಲಿ ಅವರಿಗೆ ಮುಖ ಇರುವುದಿಲ್ಲ. ನಾನು ಹುಟ್ಟಿದಾಗಿಂದ ನೋಡಿದ್ದು ಅದನ್ನೇ.

ಮೇಡಂ ಬೈಯಲಿಲ್ಲ. ಮೊಟ್ಟೆಗಳ ನಡುವಿನ ಬಾಟಲಿ ನೋಡುತ್ತ ಮೆಲ್ಲಗೆ ಅಂದರು: “ಅರ್ಧ ಔಷಧ ಕುಡದು ಸಾಯದ ಹುಳ ಏನಾಗತೈತಿ? ಗಟ್ಟಿ ಆಗತೈತಿ. ಅದರ ಮಕ್ಕಳು ಇನ್ನೂ ಗಟ್ಟಿ. ಉಣ್ಣಿ ಅದನ್ನ ಈ ಕೊಟಗಿಯಿಂದ ಆ ಕೊಟಗಿಗಿ ಒಯ್ಯತೈತಿ. ನೀವು ಔಷಧ ಹಂಚಿದ್ರಿ, ಉಣ್ಣಿ ನಿಮ್ಮ ಓಣ್ಯಾಗ ಗಟ್ಟಿ ಹುಳ ಹಂಚೇತಿ.”

“ಹಂಗಾರ ಚಂದ್ರಿ?” ಅಂದೆ.

ಅವರು ಪೆಟ್ಟಿಗೆಯ ಗಾಜು ಒರೆಸಿ ಬಾಟಲಿಗಳನ್ನು ಮತ್ತೆ ಎಣಿಸಿದರು.

ಕರೆಂಟು ಮರುದಿನ ಬಂತು. ಕಲ್ಲೋಳಿಯ ಬಾಟಲಿ ಬದುಕಿತ್ತು. ಅದರ ಕಣಗಳನ್ನು ಪುಟ್ಟ ಪುಟ್ಟ ಬಾಟಲಿಗೆ ಹಂಚಿ ಬೇರೆ ಬೇರೆ ಔಷಧ ಹಾಕಿದರು. ಹಳೆಯ ಔಷಧ ಒಂದಕ್ಕೆ, ಅದನ್ನೇ ಹೆಚ್ಚು ಮಾಡಿ ಒಂದಕ್ಕೆ, ಬೇರೆ ಜ್ವರಕ್ಕೆ ದನಗಳಿಗೆ ಕೊಡುವ ಇನ್ನೊಂದು ಔಷಧವನ್ನು ಅದರ ಜೊತೆ ಕೂಡಿಸಿ ಒಂದಕ್ಕೆ. ಆಮೇಲೆ ಕಾಯುವುದು. ಅದರಷ್ಟು ಕೆಟ್ಟ ಕೆಲಸ ನಾನು ಮಾಡಿಲ್ಲ. ಕಬ್ಬು ಹೇರಬಹುದು, ಲಾರಿ ತೊಳೆಯಬಹುದು, ಕೈಗೆ ಏನಾದರೂ ಇರುತ್ತದೆ. ಇಲ್ಲಿ ಬಾಗಿಲು ಮುಚ್ಚಿದ ಪೆಟ್ಟಿಗೆಯ ಮುಂದೆ ನಿಲ್ಲಬೇಕು. ಸಂಜೆ ಊರಿಗೆ ಹೋದರೆ ಅಲ್ಲೂ ನಿಲ್ಲಬೇಕು. ಚಂದ್ರಿಯ ಪಕ್ಕೆ ಎದ್ದು ಕಾಣುತ್ತಿತ್ತು. ಕಣ್ಣಂಚು ಬಿಳುಪಾಗಿತ್ತು, ಹಾಲು ಬತ್ತಿತ್ತು. ಅಕ್ಕ ಅದರ ಬಾಯಿಗೆ ಬೊಗಸೆಯಲ್ಲಿ ಗಂಜಿ ಹಿಡಿಯುತ್ತಿದ್ದಳು. ಗಂಜಿ ಬೆರಳ ಸಂದಿಯಿಂದ ಸೋರಿ ಹೋಗುತ್ತಿತ್ತು.

“ಏನಂತಾರೋ ನಿಮ್ಮ ಬಾಯಾರು?”

“ನೋಡಾಕತ್ತಾರ.”

“ನೋಡಲಿ ನೋಡಲಿ. ಇದು ಇರೂಮಟ ನೋಡಲಿ.”

ಗೋಡೆಯಾಚೆ ಗಂಗಿಯ ಉಸಿರು ಕೇಳಿಸುತ್ತಿತ್ತು. ಒಲೆ ಊದುವ ಕೊಳವೆಯ ಹಾಗೆ. ಕಾಕಾ ಅದರ ಹಣೆ ತಿಕ್ಕುತ್ತ ಕೂತಿರುತ್ತಿದ್ದ.

ಜೆಲ್ಲಿ ಹಾಳೆ ತೊಳೆದು ಬೆಳಕಿಗೆ ಹಿಡಿದ ದಿನ ನಾನೂ ಬಗ್ಗಿ ನೋಡಿದೆ. ಹಳೆಯ ಔಷಧದ ಸಾಲಿನಲ್ಲಿ ಗೆರೆ ದಪ್ಪ. ಹೆಚ್ಚು ಹಾಕಿದಲ್ಲೂ ದಪ್ಪ. ಎರಡು ಕೂಡಿಸಿದ ಸಾಲಿನಲ್ಲಿ ನೂಲಿನಷ್ಟು ಉಳಿದಿತ್ತು. ಮೇಡಂ ಹಾಳೆಯನ್ನು ತಿರುವಿ ಮುರುವಿ ನೋಡಿದರು, ಇರ್ಫಾನನ ಕೈಗೆ ಕೊಟ್ಟರು, ಮತ್ತೆ ಕಸಿದುಕೊಂಡು ನೋಡಿದರು.

“ಇಳದೈತಿ,” ಅಂದರು. “ಹೋಗು, ಔಷಧ ಹುಡಕು.”

ಹಳೆಯ ಔಷಧ ಎಲ್ಲ ಕಡೆ ಇತ್ತು. ಕೂಡಿಸಬೇಕಾದದ್ದು ಹುಕ್ಕೇರಿಯಲ್ಲಿ ಇರಲಿಲ್ಲ, ಗೋಕಾಕಕ್ಕೆ ಫೋನು ಹಚ್ಚಿದರೆ ಅಲ್ಲೂ ಇರಲಿಲ್ಲ. ಸಂಕೇಶ್ವರದ ಒಂದು ಅಂಗಡಿಯಲ್ಲಿ ಒಂದೇ ಒಂದು ಬಾಟಲಿ ಸಿಕ್ಕಿತು. ಒಂದು ಆಕಳಿಗೆ ಆಗುವಷ್ಟು. ಕೊಲ್ಲಾಪುರದಿಂದ ನಾಡಿದ್ದು ಬರುತ್ತದೆ ಎಂದ ಅಂಗಡಿಯವ. ಮೇಡಂ ಸರ್ಕಾರಿ ಡಾಕ್ಟರಿಗೆ ಎಲ್ಲ ತಿಳಿಸಿ, ಕಲ್ಲೋಳಿಗೆ ಬರಲು ಒಪ್ಪಿಸಿದ್ದರು. ನನಗೆ ಫೋನಿನಲ್ಲಿ ಒಂದೇ ಮಾತು ಹೇಳಿದರು.

“ಸಿದ್ದಪ್ಪ, ಕೇಳ. ಹಂಚಿದ್ರ ಎರಡೂ ಹೋಗತಾವ. ಅಕ್ಕಗ ತಿಳಿಸಿ ಹೇಳ.”

ಸಂಕೇಶ್ವರದಿಂದ ಕಲ್ಲೋಳಿಯವರೆಗೆ ನಾನು ಆ ಮಾತನ್ನು ಹೇಗೆ ಹೇಳುವುದು ಎಂದು ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ಹೋದ ಕೂಡಲೇ ಹಾಗೇ ಹೇಳಿಬಿಟ್ಟೆ.

“ಇದು ಒಂದಕ್ಕಷ್ಟ ಬರೂದು. ಅರ್ಧ ಅರ್ಧ ಮಾಡಿದ್ರ ಎರಡೂ ಸಾಯತಾವಂತ.”

ಡಾಕ್ಟರು ಸಿರಿಂಜ್ ಹಿಡಿದು ನಿಂತಿದ್ದರು. ಅಕ್ಕ ಕೈಯಲ್ಲಿ ಬಾಟಲಿ ಹಿಡಿದು ಗೋಡೆಯ ಕಡೆ ನೋಡಿದಳು. ಎದೆಮಟ್ಟದ ಮಣ್ಣಿನ ಗೋಡೆ, ಆಚೆ ಕಾಕಾ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಕಾಕಾ,” ಅಂದಳು ಅಕ್ಕ. ಬಾಟಲಿ ಹಿಡಿದ ಕೈಯನ್ನು ಗೋಡೆಯ ಕಡೆ ಚಾಚಿದಳು.

“ನಮಗ ಬ್ಯಾಡ ತಗೊ,” ಅಂದ ಕಾಕಾ. “ಗಂಗಿ ಮುಂಜಾನಿಂದ ಮೆಲಕ ಹಾಕಾಕತ್ತಾಳ. ಬರಿ ಹತ್ತೇತಿ ಆಕೀಗಿ.”

“ಖರೇನಾ?”

“ನಾ ಸುಳ್ಳ ಹೇಳತೇನೇನ ನಿನಗ? ಸುಮ್ಮ ಹೊತ್ತ ಕಳೀಬ್ಯಾಡ. ಹಾಕ್ರಿ ಡಾಕ್ಟರ.”

ಅವನ ಬೆನ್ನ ಹಿಂದೆ ಗಂಗಿಯ ಉಸಿರು ಹಾಗೇ ಊದುತ್ತಿತ್ತು. ಅದು ಅಕ್ಕನಿಗೂ ಕೇಳಿಸಿತು, ನನಗೂ ಕೇಳಿಸಿತು, ಡಾಕ್ಟರೂ ಒಮ್ಮೆ ಆ ಕಡೆ ನೋಡಿದರು. ಅಕ್ಕನ ಮಗಳು ಚಂದ್ರಿಯ ಹಗ್ಗ ಹಿಡಿದು ನಿಂತಿದ್ದಳು. ಅಕ್ಕ ಮಗಳನ್ನು ನೋಡಿದಳು, ಬಾಟಲಿಯನ್ನು ಡಾಕ್ಟರ ಕೈಗೆ ಕೊಟ್ಟಳು. ಸೂಜಿ ಹಾಕಿ ಮುಗಿಯುವವರೆಗೆ ಗೋಡೆಯ ಕಡೆ ತಿರುಗಲಿಲ್ಲ. ತಿರುಗಿದಾಗ ಕಾಕಾ ಅಲ್ಲಿ ಇರಲಿಲ್ಲ.

ಕೊಲ್ಲಾಪುರದ ಔಷಧ ಬರುವ ಮೊದಲೇ ಗಂಗಿ ಸತ್ತಳು. ಟ್ರ್ಯಾಕ್ಟರ್ ತಂದು ಒಯ್ದೆವು. ಕಾಕಾ ಹಗ್ಗ ಬಿಚ್ಚಿಕೊಂಡ, ಅದನ್ನು ಸುತ್ತಿ ಗೂಟಕ್ಕೆ ಹಾಕಿದ, ಒಳಗೆ ಹೋದ.

ಚಂದ್ರಿ ಅದೇ ದಿನ ಏಳಲಿಲ್ಲ. ಜ್ವರ ಇಳಿಯಿತು, ಏರಿತು, ಇಳಿಯಿತು. ಅಕ್ಕ ಕೊಟ್ಟಿಗೆಯಲ್ಲೇ ಮಲಗಿದಳು. ಒಂದು ಮುಂಜಾನೆ ಮಗಳು ಹಿಡಿದ ಹಸಿ ಜೋಳದ ದಂಟನ್ನು ಚಂದ್ರಿ ನಾಲಿಗೆ ಚಾಚಿ ಎಳೆದುಕೊಂಡಳು. ಅಕ್ಕ ಅಳಲಿಲ್ಲ. ಎದ್ದು ಮುಖ ತೊಳೆದುಕೊಂಡಳು ಅಷ್ಟೇ. ಆ ವಾರ ಮೂಡಲಗಿ ಸಂತೆಯಲ್ಲಿ ಅವಳ ಗಂಡ ನನಗೇ ಸಿಕ್ಕ. ಅವನು ಬಾಯಿ ತೆರೆಯುವ ಮೊದಲೇ “ಐತಿ,” ಎಂದು ಹೇಳಿ ಮುಂದೆ ನಡೆದೆ.

ಆದರೆ ಹಿತ್ತಲು ಮೊದಲಿನಂತಾಗಲಿಲ್ಲ. ಅಕ್ಕ ನೀರಿಗೆ ಹೋಗುವಾಗ ಕಾಕಾನ ಮನೆ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದಳು. ಚಂದ್ರಿಯನ್ನು ಹಿಂಡುವಾಗ ಚೊಂಬಿನ ಸದ್ದು ಆಚೆ ಕೇಳಿಸಬಾರದು ಎಂದು ಚೊಂಬಿನ ಒಳಗೋಡೆಗೆ ಧಾರೆ ತಾಗಿಸಿ ಮೆಲ್ಲಗೆ ಹಿಂಡುತ್ತಿದ್ದಳು. ಮುಂಗಾರು ಹಿಡಿಯಿತು. ಕಾಕಾ ಖಾಲಿ ಕೊಟ್ಟಿಗೆಯ ತಗಡಿನ ಕೆಳಗೆ ಕೂತು ಮಳೆ ನೋಡುತ್ತಿದ್ದ. ನಾನು ಹುಕ್ಕೇರಿಯಿಂದ ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದ.

“ನಮ್ಮ ಗಂಗಿ ಏನಂತಾಳ?”

ಗಂಗಿಯ ಗಂಟಿನಿಂದ ತೆಗೆದ ಹನಿ ಬಾಟಲಿಯಲ್ಲಿ ಬೆಳೆಯುತ್ತಿದೆ ಎಂದು ನಾನೇ ಹೇಳಿದ್ದೆ. ಅವನಿಗೆ ಅದ್ಯಾಕೆ ಸಮಾಧಾನವೋ.

“ಅದಾಳ ಕಾಕಾ.”

“ಮೇಯಾಕತ್ತಾಳ?”

“ಹೂಂ, ಗುಲಾಬಿ ನೀರ.”

ಆ ಮಾತಿಗೆ ಅವನು ದಿನಾ ನಗುತ್ತಿದ್ದ. ಒಂದು ಸಲ ನಗಲಿಲ್ಲ. “ಆ ಔಷಧ ಅದಕ್ಕ ಹಾಕಿ ನೋಡತಾರೇನು? ಚಂದ್ರಿಗಿ ಹಾಕಿದ್ದು?”

“ಹಾಕತಾರ.”

“ಹಾಕಿದ ಮ್ಯಾಲ ನನಗ ಹೇಳ. ಆಕಿ ಉಳೀತಿದ್ದಳೋ ಇಲ್ಲೋ ಹೇಳ.”

ಅಂದಿನಿಂದ ನನಗೆ ಲ್ಯಾಬಿಗೆ ಹೋಗುವುದೇ ಬೇಡವಾಯಿತು. ಗೆರೆ ಉಳಿಯಲಿ ಎಂದು ಬೇಡಿಕೊಂಡೆ. ಗೆರೆ ಉಳಿದರೆ ಆ ಔಷಧ ಗಂಗಿಗೆ ಹತ್ತುತ್ತಿರಲಿಲ್ಲ, ಯಾರ ಮೇಲೂ ಭಾರವಿಲ್ಲ. ಮೇಡಂ ಗೆರೆ ಅಳಿಯಲಿ ಎಂದು ಕಾಯುತ್ತಿದ್ದರು. ಒಂದೇ ಪೆಟ್ಟಿಗೆಯ ಮುಂದೆ ಇಬ್ಬರೂ ನಿಂತಿದ್ದೆವು.

ಹಾಳೆ ನೀಲಿಯಿಂದ ಹೊರಬಂತು. ಔಷಧ ಹಾಕದ ಸಾಲಿನಲ್ಲಿ ಗಂಗಿಯ ಗೆರೆ ದಪ್ಪಗೆ, ಬಿಳಿಯಾಗಿ. ಹಾಕಿದ ಸಾಲಿನಲ್ಲಿ ನೂಲೂ ಇಲ್ಲ. ಎಲ್ಲ ನೀಲಿ.

“ವ್ಹಾ!” ಮೇಡಂ ಕುರ್ಚಿಯಿಂದಲೇ ಎದ್ದರು. ಕಲ್ಲೋಳಿಯ ಮೊದಲಿನ ಹಾಳೆಗಿಂತ ಸ್ವಚ್ಛ ಇದೆ ಎಂದರು. ಇರ್ಫಾನ ನನ್ನ ಬೆನ್ನಿಗೆ ಗುದ್ದಿದ. ಆಮೇಲೆ ನನ್ನ ಮುಖ ನೋಡಿ ಕೈ ಹಿಂದೆ ಎಳೆದುಕೊಂಡ.

ಮೇಡಂ ತಡೆದು ಹೇಳಿದರು: “ಬಾಟ್ಲಿ ಬ್ಯಾರೆ, ಆಕಳ ಬ್ಯಾರೆ. ಖಾತ್ರಿ ಹೇಳಾಕ ಬರೂದಿಲ್ಲ. ಅಂವಗ ಹಂಗ ಹೇಳ.”

ಮಳೆಯಲ್ಲೇ ಊರಿಗೆ ಬಂದೆ. ಕಾಕಾ ತಗಡಿನ ಕೆಳಗೆ ಕೂತಿದ್ದ. ನನ್ನನ್ನು ನೋಡಿದ, ಏನೂ ಕೇಳಲಿಲ್ಲ. ಕೇಳದಿದ್ದದ್ದೇ ಕಷ್ಟವಾಯಿತು. ಗೋಡೆಯಾಚೆ ಅಕ್ಕ ಚಂದ್ರಿಯ ಹತ್ತಿರ ಇದ್ದಾಳೆಂದು ನನಗೆ ಗೊತ್ತಿತ್ತು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

“ಉಳೀತಿದ್ದಳು ಕಾಕಾ,” ಅಂದೆ. “ಖಾತ್ರಿ ಹೇಳಾಕ ಬರೂದಿಲ್ಲ ಅಂದ್ರು ಬಾಯಾರು. ಆದ್ರ ಬಾಟ್ಲ್ಯಾಗ ಗೆರಿ ಪೂರಾ ಹೋಗೇತಿ.”

ಅವನು ಗೂಟದ ಮೇಲಿನ ಹಗ್ಗ ತೆಗೆದು ಬಿಚ್ಚಿದ, ಮತ್ತೆ ಸುತ್ತಿದ. ತಗಡಿನ ಮೇಲೆ ಮಳೆ ಜೋರಾಯಿತು, ಮತ್ತೆ ಸಣ್ಣಗಾಯಿತು. ಗೋಡೆಯಾಚೆ ಅಕ್ಕ ಹಿಂಡುವುದನ್ನು ನಿಲ್ಲಿಸಿದ್ದಳು.

“ಹಂಗಾರ ಔಷಧ ಚಲೋದ ಐತಿ,” ಅಂದ ಕಾಕಾ ಕೊನೆಗೆ.

“ಹೂಂ.”

“ನಾಳಿ ಓಣ್ಯಾಗ ಮತ್ತೊಂದ ಆಕಳ ಬೀಳತೈತಿ. ಬೀಳದ ಇರತೈತೇನು? ಎರಡ ಬಿದ್ರ ಎರಡ ಬಾಟ್ಲಿ ತರ್ರಿ. ಮೂರ ಬಿದ್ರ ಮೂರ. ರೊಕ್ಕದ ಪಟ್ಟಿ ಎತ್ತೂಣು, ಎಲ್ಲಾರೂ ಕೂಡಿ ತರೂಣು. ಆದ್ರ ಒಂದ ಬಾಟ್ಲಿ ಒಡೀಬ್ಯಾಡ್ರಿ. ನಾ ಅಂದೇನಂತ ಹೇಳ.”

ಆಮೇಲೆ ಗೋಡೆಯ ಕಡೆ ತಿರುಗಿ, ಮಳೆಗಿಂತ ಜೋರಾಗಿ ಕೂಗಿದ.

“ಕಸ್ತೂರೀ! ಅಲ್ಲೇ ಅದೀ ಅಂತ ಗೊತ್ತೈತಿ ನನಗ. ಎಷ್ಟ ದಿನಾತ ಕರೀ ಚಾ ಕುಡಿಯಾಕತ್ತ. ಚಾ ಇಡ. ಹಾಲ ಜಾಸ್ತಿ ಹಾಕ.”

ಸ್ವಲ್ಪ ಹೊತ್ತಿಗೆ ಆಚೆಯಿಂದ ಚೊಂಬಿನೊಳಗೆ ಹಾಲಿನ ಧಾರೆ ಬೀಳುವ ಸದ್ದು ಕೇಳಿಸಿತು, ಜೋರಾಗಿ, ಏನನ್ನೂ ಮುಚ್ಚಿಡದೆ.